ಬಾಣಂತಿಯರ ಮಾನಸಿಕ ಆರೋಗ್ಯ ಮತ್ತು ಚಲನಚಿತ್ರದ ನೆರವು

ಸೂಕ್ತ ಚಲನಚಿತ್ರವೊಂದನ್ನು ಆಯ್ದು ತೋರಿಸಿ, ನಂತರ ಅದರ ಪಾತ್ರಗಳನ್ನು ಕುರಿತು ಸಮಾಲೋಚಕರು ಮಾತುಕತೆ ನಡೆಸುವ ಕ್ರಮಕ್ಕೆ ಸಿನಿಮಾ ಥೆರಪಿ ಎನ್ನಲಾಗುತ್ತದೆ. ಈ ಹೆಸರು 1990ರಿಂದೀಚೆಗೆ ಬಳಕೆಗೆ ಬಂದಿದೆ. ಸ್ವಂತ ಸಂಕಟವನ್ನು ಹೇಳಿಕೊಳ್ಳಲು ಹಿಂಜರಿಯುವವರು ಪಾತ್ರದ ಸಂಕಟವನ್ನು ಕುರಿತು ಸುಲಭವಾಗಿ ಮಾತನಾಡುತ್ತಾರೆ ಎಂಬುದೇ ಇದರ ಆಧಾರ. ಇದು ಚಿಕಿತ್ಸೆಗೆ ಪೂರಕವೇ ಹೊರತು ಔಷಧೋಪಚಾರಕ್ಕೆ ಬದಲಿಯಲ್ಲ. ಇದಕ್ಕಾಗಿ ಅರ್ಜಿ ಸಲ್ಲಿಸುವ ಅಗತ್ಯವೂ ಇರುವುದಿಲ್ಲ.

ಕನ್ನಡದಲ್ಲಿ ಈ ಉದ್ದೇಶಕ್ಕೆ ಮೊದಲು ನೆನಪಾಗುವ ಚಿತ್ರ 'ಶರಪಂಜರ'. ಮನಃಶಾಸ್ತ್ರ ವ್ಯಾಸಂಗ ಮಾಡಿದ್ದ ಲೇಖಕಿ ತ್ರಿವೇಣಿ (1928-1963) ಅವರ ಕಾದಂಬರಿಯನ್ನು ಆಧರಿಸಿ, ಮೈಸೂರು ಜಿಲ್ಲೆಯವರೇ ಆದ ಪುಟ್ಟಣ್ಣ ಕಣಗಾಲ್ ಅವರು 1970ರ ದಶಕದ ಆರಂಭದಲ್ಲಿ ಇದನ್ನು ನಿರ್ದೇಶಿಸಿದರು. ಹೆರಿಗೆಯ ನಂತರ ಅಸ್ವಸ್ಥಳಾಗುವ ಕಾವೇರಿಯ ಪಾತ್ರವನ್ನು ಕಲ್ಪನಾ ನಿರ್ವಹಿಸಿದ್ದಾರೆ. ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗುತ್ತಾಳೆ. ಆದರೆ ಮನೆಗೆ ಮರಳಿದ ಮೇಲೆ ಪತಿಯ ಉಪೇಕ್ಷೆ ಹಾಗೂ ನೆರೆಹೊರೆಯವರ ಸಂಶಯದ ನೋಟ ಆಕೆಯನ್ನು ಪುನಃ ಕಾಯಿಲೆಗೆ ತಳ್ಳುತ್ತವೆ.

ಆದಕಾರಣ ಈ ಚಿತ್ರವನ್ನು ನೋಡಬೇಕಾದವರು ಬಾಣಂತಿಯಲ್ಲ, ಆಕೆಯ ಮನೆಯವರು. ಚೇತರಿಸಿಕೊಳ್ಳುತ್ತಿರುವ ಮಹಿಳೆಗೆ ಇದರ ಮುಕ್ತಾಯ ಭೀತಿಯನ್ನುಂಟುಮಾಡಬಹುದು. ತೆರೆಯ ಮೇಲಿನ ಮಾತುಗಳು ತನ್ನನ್ನೇ ಕುರಿತವು ಎಂಬ ಭ್ರಮೆ ಇರುವವರಿಗಂತೂ ಯಾವ ಚಿತ್ರವನ್ನೇ ಆಗಲಿ ವೈದ್ಯರ ಸಲಹೆಯಿಲ್ಲದೆ ತೋರಿಸುವುದು ಯುಕ್ತವಲ್ಲ. ಪತಿ, ಅತ್ತೆ, ತಾಯಿ ಒಟ್ಟಿಗೆ ನೋಡಿ, ಕಾವೇರಿಗೆ ಮನೆಯವರು ಏನು ಮಾಡಬಹುದಿತ್ತು ಎಂದು ಸಮಾಲೋಚಕರ ಸಮ್ಮುಖದಲ್ಲಿ ಚರ್ಚಿಸಿದರೆ ಪ್ರಯೋಜನ ಹೆಚ್ಚು.

ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ದೇವಾಲಯಕ್ಕೆ ಮಕ್ಕಳ ಭಾಗ್ಯವನ್ನು ಕೋರಿ ದೂರದಿಂದಲೂ ದಂಪತಿಗಳು ಬರುತ್ತಾರೆ. ಹಾಗೆ ಹರಕೆ ಹೊತ್ತು ಪಡೆದ ಮಗುವಿನ ತಾಯಿ ಅಳುತ್ತಿದ್ದರೆ ಅದನ್ನು ಅಪಶಕುನವೆಂದೋ ಕೃತಘ್ನತೆಯೆಂದೋ ಭಾವಿಸುವುದು ಸರಿಯಲ್ಲ. ಹೆರಿಗೆಯಾದ ಮೊದಲ ವಾರದ ಅಳು, ಬೇಸರ ಸಾಮಾನ್ಯವಾಗಿದ್ದು, ಬಹುಪಾಲು ತಾನಾಗಿಯೇ ಶಮನವಾಗುತ್ತದೆ. ಎರಡು ವಾರ ಕಳೆದರೂ ಮುಂದುವರಿದಲ್ಲಿ ವೈದ್ಯರನ್ನು ಕಾಣತಕ್ಕದ್ದು. ನಿದ್ರೆಯಿಲ್ಲದಿರುವುದು, ಅಸಂಬದ್ಧ ಮಾತು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ಸಂಶಯ ಇವು ಜನರು ಬಾಣಂತಿ ಸನ್ನಿ ಎಂದು ಕರೆಯುವ ಕಾಯಿಲೆಯ ಲಕ್ಷಣಗಳು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಕಂಡುಬರುವ ಈ ಸ್ಥಿತಿ ತುರ್ತು ಸ್ವರೂಪದ್ದು. ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಆಕೆಯನ್ನು ಮಗುವಿನೊಂದಿಗೆ ಒಂಟಿಯಾಗಿ ಬಿಡಬಾರದು.

ಮೊದಲಿಗೆ ಗ್ರಾಮದ ಆಶಾ ಕಾರ್ಯಕರ್ತೆಯರಿಗೆ ತಿಳಿಸಬಹುದು. ನಂಜನಗೂಡಿನ ಸಾರ್ವಜನಿಕ ಆಸ್ಪತ್ರೆ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವನ್ನು ಸಂಪರ್ಕಿಸಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಪ್ರತ್ಯೇಕ ಘಟಕವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಲಭ್ಯವಿರುತ್ತದೆ. ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡತಕ್ಕದ್ದು.

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ದೂರ ಮಾಡುತ್ತಾರೆಂಬ ಭಯದಿಂದ ಅನೇಕ ಕುಟುಂಬಗಳು ತಡಮಾಡುತ್ತವೆ. ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮ, 2017ರ 21ನೇ ಪ್ರಕರಣದಂತೆ, ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ವೈದ್ಯರು ಕಂಡುಕೊಂಡಾಗ ಮಾತ್ರ ತಾತ್ಕಾಲಿಕವಾಗಿ ಪ್ರತ್ಯೇಕಿಸಬಹುದಾಗಿದೆ.