ಧಾರವಾಡ ಸೀಮೆಯ ಕ್ರೈಸ್ತ ಸಂಸ್ಕಾರಗಳು: ದೀಕ್ಷಾಸ್ನಾನ, ದೃಢೀಕರಣ, ವಿವಾಹ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂದೊಡನೆ ನಮಗೆ ಏಲಕ್ಕಿಯ ಹಾರವೂ ಹತ್ತಿಯ ಅಂಡಿಗೆಗಳೂ ಕೆಂಪು ಮೆಣಸಿನಕಾಯಿಯ ರಾಶಿಯೂ ನೆನಪಿಗೆ ಬರುತ್ತವೆ. ಚರ್ಚಿನ ಗಂಟೆ ನೆನಪಾಗುವುದು ಅಪರೂಪ. ಆದರೂ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ನೆಲದಲ್ಲಿ ಕ್ರೈಸ್ತ ಕುಟುಂಬವೊಂದು ಮಗುವಿನ ದೀಕ್ಷಾಸ್ನಾನವನ್ನೂ ಬೆಳೆದ ಮಕ್ಕಳ ದೃಢೀಕರಣವನ್ನೂ ವಿವಾಹವನ್ನೂ ಯಾರ ಕೈಯಿಂದ, ಯಾರ ಅಪ್ಪಣೆಯಿಂದ ಮಾಡಿಸಬೇಕಾಗಿತ್ತು ಎಂಬುದು ವಿಚಾರಾರ್ಹವಾದ ಸಂಗತಿ.

ಇಲ್ಲಿ ಎರಡು ಪರಂಪರೆಗಳು ಎದುರಾಗುತ್ತವೆ. ಒಂದು, ಸರ್ಕಾರದ ಅಧಿಕಾರಿಗಳಿಗೂ ಸೈನಿಕರಿಗೂ ಧರ್ಮಸೇವೆ ನಡೆಸುತ್ತಿದ್ದ ಆಂಗ್ಲಿಕನ್ ಸಭೆ. ಮುಂಬಯಿ ಇಲಾಖೆಗೆ ಸೇರಿದ ಈ ಸೀಮೆ 1837ರಲ್ಲಿ ಸ್ಥಾಪಿತವಾದ ಮುಂಬಯಿ ಬಿಷಪ್ಪರ ಅಧೀನ. ತುಂಗಭದ್ರೆಯನ್ನು ದಾಟಿ ಹರಿಹರಕ್ಕೆ ಬಂದರೆ ಮೈಸೂರು ಸಂಸ್ಥಾನ, ಅಲ್ಲಿ ಮದರಾಸಿನ ಬಿಷಪ್ಪರ ಅಧಿಕಾರ. ಇನ್ನೊಂದು, ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಈ ಜರ್ಮನ್ ಮತ್ತು ಸ್ವಿಸ್ ಪಾದ್ರಿಗಳು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆನಿಂತರು. ಕನ್ನಡಿಗರಲ್ಲಿ ಸಭೆ ಕಟ್ಟಿದವರು ಇವರೇ. ಇವರಲ್ಲಿ ಬಿಷಪ್ಪರಿರಲಿಲ್ಲ.

ದೀಕ್ಷಾಸ್ನಾನದ ಏರ್ಪಾಡು ಸುಲಭವಾದುದು. ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕದಂತೆ ಹಿಂದಿನ ರಾತ್ರಿಯೋ ಅಂದಿನ ಬೆಳಿಗ್ಗೆಯೋ ಪಾದ್ರಿಗೆ ತಿಳಿಸಿದರೆ ಸಾಕು. ಗಂಡುಮಗುವಿಗೆ ಇಬ್ಬರು ಧರ್ಮಪಿತರು, ಒಬ್ಬಳು ಧರ್ಮಮಾತೆ. ಹೆಣ್ಣುಮಗುವಿಗೆ ಇದರ ವಿಪರ್ಯಯ. ಕೂಸು ಅಪಾಯದಲ್ಲಿದ್ದರೆ ಮನೆಯಲ್ಲಿಯೇ ನೀರು ಹಾಕಿ ನಡೆಸಬಹುದು. ವಯಸ್ಕರ ದೀಕ್ಷಾಸ್ನಾನದ ವಿಧಿ ಆ ಪುಸ್ತಕಕ್ಕೆ ಸೇರಿದ್ದೇ 1662ರಲ್ಲಿ. ದೂರದೇಶಗಳಲ್ಲಿ ಮತಾಂತರಗೊಳ್ಳುವವರಿಗೂ ಅದು ಒದಗೀತೆಂದು ಮುನ್ನುಡಿಯೇ ಹೇಳುತ್ತದೆ.

ತೊಡಕು ಕಾಣಿಸುವುದು ದೃಢೀಕರಣದಲ್ಲಿ. ಆಂಗ್ಲಿಕನ್ ಪದ್ಧತಿಯಲ್ಲಿ ಅದು ಬಿಷಪ್ಪರ ಹಸ್ತಸ್ಪರ್ಶದಿಂದ ಮಾತ್ರ ಸಿದ್ಧಿಸುವ ಸಂಸ್ಕಾರ. ಕಲ್ಕತ್ತೆಯಲ್ಲಿ 1814ರಲ್ಲಿ ಬಿಷಪ್ಪರ ಪೀಠವಾಗುವ ಮುನ್ನ ಹಿಂದೂಸ್ಥಾನದಲ್ಲಿ ಅದನ್ನು ನಡೆಸಬಲ್ಲ ಆಂಗ್ಲಿಕನ್ ಬಿಷಪ್ಪರೇ ಇರಲಿಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಚರ್ಚು 1812ರಲ್ಲಿ ಕಟ್ಟಿ ಮುಗಿದಿದ್ದರೂ ಅದರ ಪ್ರತಿಷ್ಠೆಗೆ ಕಲ್ಕತ್ತೆಯ ಬಿಷಪ್ಪರು 1816ರಲ್ಲಿ ಬರುವವರೆಗೆ ಕಾಯಬೇಕಾಯಿತೆಂಬುದನ್ನು ನೋಡಿದರೆ, ಹಳ್ಳಿಗಾಡಿನ ಕುಟುಂಬದ ಕಾಯುವಿಕೆ ಎಷ್ಟಿದ್ದೀತೆಂದು ನಾವು ಊಹಿಸಬಹುದು. ಆದ್ದರಿಂದಲೇ ಪ್ರಾರ್ಥನಾ ಪುಸ್ತಕ ಒಂದು ಕಿಂಡಿಯನ್ನು ಬಿಟ್ಟಿದೆ: ದೃಢೀಕರಣಕ್ಕೆ ಸಿದ್ಧನೂ ಇಚ್ಛುಕನೂ ಆಗಿರುವವನನ್ನು ಅದಾಗುವ ಮುನ್ನವೇ ಪ್ರಭುಭೋಜನಕ್ಕೆ ಸೇರಿಸಬಹುದು. ಬಾಸೆಲ್ ಸಭೆಯಲ್ಲಿಯಾದರೋ ಮಕ್ಕಳಿಗೆ ಪಾಠ ಹೇಳಿದ ಪಾದ್ರಿಯೇ ಅವರ ತಲೆಯ ಮೇಲೆ ಕೈಯಿಟ್ಟು ಕಾರ್ಯವನ್ನು ಮುಗಿಸುತ್ತಿದ್ದನು.

ವಿವಾಹದಲ್ಲಿ ಮಾತು ತಿರುಗುಮುರುಗು. 1872ರ ಕ್ರೈಸ್ತ ವಿವಾಹ ಕಾಯಿದೆಯಂತೆ, ಬಿಷಪ್ಪರಿಂದ ಪಟ್ಟ ಪಡೆದ ಪಾದ್ರಿ ತನ್ನ ಸಭೆಯ ಕ್ರಮದಲ್ಲಿ ಲಗ್ನ ಮಾಡಿಸಲು ಸರ್ಕಾರದ ಪರವಾನಗಿ ಬೇಡ. ಬಾಸೆಲ್ ಪಾದ್ರಿಗೆ ಬೇಕು. ಒಬ್ಬನು ಬಿಷಪ್ಪರಿಗಾಗಿ ಕಾಯುವವನು, ಇನ್ನೊಬ್ಬನು ಸರ್ಕಾರಕ್ಕಾಗಿ! ಆಂಗ್ಲಿಕನ್ ವಿವಾಹಕ್ಕೆ ಮೂರು ಭಾನುವಾರ ವಧೂವರರ ಹೆಸರನ್ನು ಸಭೆಯ ಮುಂದೆ ಸಾರುತ್ತಿದ್ದರು. ಅಡ್ಡಿಯುಳ್ಳವರು ಆಗ ಹೇಳಬೇಕು. ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಲಗ್ನ ನಡೆಯಬೇಕೆಂಬುದು ಸಾಮಾನ್ಯ ನಿಯಮವಾದುದರಿಂದ, ನಡುರಾತ್ರಿಯ ಮುಹೂರ್ತಕ್ಕೆ ಒಗ್ಗಿಹೋದ ನಂಟರಿಗೆ ಇದು ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ದೇಶೀಯ ಕ್ರೈಸ್ತರಿಗೆ ಕಾಯಿದೆಯ ಆರನೆಯ ಭಾಗ ಹಗುರವಾದ ದಾರಿಯೊಂದನ್ನು ತೆರೆಯಿತು. ಮುಂಚಿತವಾದ ನೋಟೀಸು ಬೇಡ. ಪರವಾನಗಿ ಪಡೆದವನೊಬ್ಬನು, ನಂಬಿಕಸ್ಥ ಸಾಕ್ಷಿಗಳಿಬ್ಬರು, ಒಂದು ಪ್ರತಿಜ್ಞೆ. ವರನಿಗೆ ಹದಿನಾರು, ವಧುವಿಗೆ ಹದಿಮೂರು ತುಂಬಿರಬೇಕೆಂಬುದು ಅಂದಿನ ನಿಬಂಧನೆ. 1978ರ ತಿದ್ದುಪಡಿಯಿಂದ ಇದು 21 ಮತ್ತು 18 ಆಯಿತು. ಲಗ್ನದ ದಾಖಲೆಯನ್ನು ಇಂಗ್ಲಿಷಿನಲ್ಲಿ ಅಥವಾ ಜಿಲ್ಲೆಯ ರೂಢಿಯ ಭಾಷೆಯಲ್ಲಿ ಬರೆಯಬಹುದೆಂದು ಕಾಯಿದೆ ಹೇಳಿತು. ಕನ್ನಡದ ವಧುವಿನ ಹೆಸರು ಕನ್ನಡದಲ್ಲಿಯೇ ನಿಲ್ಲಲು ಎಡೆಯಾದದ್ದು ನಮ್ಮ ದೃಷ್ಟಿಯಲ್ಲಿ ಸಣ್ಣ ವಿಷಯವಲ್ಲ.

ಆ ನಿಬಂಧನೆಗಳಲ್ಲಿ ಇನ್ನೊಂದಿತ್ತು: ಇಬ್ಬರಲ್ಲಿ ಯಾರಿಗೂ ಜೀವಂತ ಪತ್ನಿಯಾಗಲಿ ಪತಿಯಾಗಲಿ ಇರಕೂಡದು. ಬಾಲ್ಯದಲ್ಲಿಯೇ ಮದುವೆಯಾಗಿ, ಪ್ರಾಯದಲ್ಲಿ ದೀಕ್ಷಾಸ್ನಾನ ಪಡೆದವನ ಗತಿಯೇನು? ಹೆಂಡತಿ ತವರಿನಲ್ಲಿಯೇ ಉಳಿದು ಅವನೊಡನೆ ಬಾಳಲು ಒಲ್ಲೆನೆಂದರೆ ಅವನು ಗೃಹಸ್ಥನೂ ಅಲ್ಲ, ಬ್ರಹ್ಮಚಾರಿಯೂ ಅಲ್ಲ. 1850ರ ಕಾಯಿದೆ ಮತ ಬಿಟ್ಟವನ ಆಸ್ತಿಯ ಹಕ್ಕನ್ನು ಉಳಿಸಿತ್ತು. ಮದುವೆಯ ಗಂಟನ್ನು ಅದು ಮುಟ್ಟಲಿಲ್ಲ. 1866ರಲ್ಲಿ ಬೇರೊಂದು ಕಾಯಿದೆ ಬಂದಿತು: ಮತಾಂತರದ ಕಾರಣದಿಂದಲೇ ಸಂಗಾತಿ ತೊರೆದಿದ್ದರೆ ಕೋರ್ಟಿಗೆ ಹೋಗಬಹುದು, ಕೋರ್ಟು ಒಲ್ಲದವರ ಮನಸ್ಸನ್ನು ಕೇಳಿ, ಒಂದು ವರ್ಷ ತಡೆದು, ಮತ್ತೆ ಕೇಳಿ, ಆಮೇಲೆ ವಿವಾಹವನ್ನು ರದ್ದುಮಾಡಬಹುದು. ಆ ಒಂದು ವರ್ಷದಲ್ಲಿ ಎರಡು ಮನೆಗಳು ಏನನ್ನು ಅನುಭವಿಸಿದವೆಂಬುದನ್ನು ಯಾವ ಚರ್ಚಿನ ಪುಸ್ತಕವೂ ಬರೆಯುವುದಿಲ್ಲ. ಅಲ್ಲಿರುವುದು ಹೆಸರು, ವಯಸ್ಸು, ತಾರೀಖು, ರುಜು ಅಥವಾ ಹೆಬ್ಬೆಟ್ಟು.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತದ ಐಕ್ಯಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಅಂದು ಅಭಿಷಿಕ್ತರಾದ ಒಂಬತ್ತು ಮಂದಿ ಹೊಸ ಬಿಷಪ್ಪರಲ್ಲಿ ಮೈಸೂರಿನ ಪಿ. ಗುರುಶಾಂತರೂ ಒಬ್ಬರು. ಬಿಷಪ್ಪರಿಲ್ಲದೆ ಬೆಳೆದ ಪಾದ್ರಿಗಳಿಗೆ ಮತ್ತೆ ಪಟ್ಟ ಕಟ್ಟಲಿಲ್ಲ. ಅವರನ್ನು ಇದ್ದಂತೆಯೇ ಒಪ್ಪಿದರು. ಧಾರವಾಡ ಸೀಮೆಯ ಬಾಸೆಲ್ ಸಭೆಗಳು ಮುಂದೆ ಇದರಲ್ಲಿ ಸೇರಿದವು. ಧಾರವಾಡವೇ ಉತ್ತರ ಕರ್ನಾಟಕದ ಬಿಷಪ್ಪರ ಪೀಠವಾಯಿತು. ಮುಂಬಯಿ ಇಲಾಖೆಯ ಹಳೆಯ ಆಂಗ್ಲಿಕನ್ ದಾಖಲೆಗಳ ನಕಲುಗಳು ಮಾತ್ರ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಧಾರವಾಡದಲ್ಲಿ ಹುಟ್ಟಿದ ಮುತ್ತಜ್ಜನ ದೀಕ್ಷಾಸ್ನಾನದ ತಾರೀಖನ್ನು ಅವನ ಸಂತತಿಯವರು ಅಲ್ಲಿ ಹುಡುಕುತ್ತಾರೆ.