ಎಡದೊರೆ ನಾಡಿನ ಬದುಕು: ರಾಯಚೂರು, ದೇವದುರ್ಗ, ಮಾನ್ವಿಯ ಹಿತ ಮತ್ತು ಅಹಿತ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇವೆರಡರ ನಡುವಿನ ನೆಲಕ್ಕೆ ಶಾಸನಗಳ ಕಾಲದಿಂದಲೂ ‘ಎಡದೊರೆ ನಾಡು’ ಎಂಬ ಹೆಸರಿದೆ. ರಾಜ್ಯದ ಇತರ ಭಾಗಗಳ ಜನರಿಗೆ ರಾಯಚೂರು ಎಂದರೆ ಬಿಸಿಲು, ಬರ, ಹಿಂದುಳಿದಿರುವಿಕೆ. ಸರ್ಕಾರಿ ನೌಕರರ ಮಾತಿನಲ್ಲಿ ಅದು ‘ಶಿಕ್ಷೆಯ ವರ್ಗಾವಣೆ’. ಆದರೆ ಅಲ್ಲಿಯೇ ಹುಟ್ಟಿ ಬೆಳೆದವರ ಹಾಗೂ ಬಂದು ನೆಲೆಸಿದವರ ಲೆಕ್ಕಾಚಾರ ಇಷ್ಟು ಸರಳವಾಗಿಲ್ಲ.

ಮೆಚ್ಚುಗೆಯ ಸಂಗತಿಗಳು

ಮೊದಲನೆಯದು ಅನ್ನ. ಮಾನ್ವಿ ಭಾಗದ ಸೋನಾ ಮಸೂರಿ ಅಕ್ಕಿ ಬೆಂಗಳೂರಿನ ಮನೆಗಳಿಗೂ ತಲುಪುತ್ತದೆ. ರಾಯಚೂರಿನ ಮಾರುಕಟ್ಟೆ ಹತ್ತಿಗೆ ಹೆಸರಾದದ್ದು. ದೇವದುರ್ಗದ ಎರೆಭೂಮಿಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ಬೆಳೆಯುತ್ತವೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ನಿತ್ಯದ ಊಟ. ಸಂಜೆಗೆ ಮಂಡಾಳು ಒಗ್ಗರಣೆ ಮತ್ತು ಮಿರ್ಚಿ. ಮನೆ ಬಾಡಿಗೆ, ತರಕಾರಿ, ದಿನದ ಖರ್ಚು ರಾಜಧಾನಿಗೆ ಹೋಲಿಸಿದರೆ ಕಡಿಮೆ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಅರ್ಧ ದಿನ ಕಳೆಯಬೇಕಾಗಿಲ್ಲ.

ಎರಡನೆಯದು ಭಾಷೆಗಳ ಸಹಬಾಳ್ವೆ. ನಗರದ ಅಂಗಡಿಯೊಂದರಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಮಾತುಕತೆಯಲ್ಲಿ ಬೆರೆಯುವುದು ಇಲ್ಲಿ ವಿಶೇಷವೇನಲ್ಲ. ಹೈದರಾಬಾದ್ ಸಂಸ್ಥಾನದ ದೀರ್ಘ ಆಡಳಿತ ಉಳಿಸಿಹೋದ ಬಳುವಳಿ ಅದು. ಮೊಹರಂ ಹಬ್ಬದಲ್ಲಿ ಹಿಂದೂಗಳೂ ಪಾಲ್ಗೊಳ್ಳುವ ಹಳ್ಳಿಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು; ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರ ಹೆಸರು ಮಾನ್ವಿಯೊಡನೆ ಬೆಸೆದುಕೊಂಡಿದೆ. ಉರ್ದುವಿನ ಗಜಲ್ ಪ್ರಕಾರವನ್ನು ಕನ್ನಡಕ್ಕೆ ತಂದವರಲ್ಲಿ ಮೊದಲಿಗರಾದ ಶಾಂತರಸರೂ ಇದೇ ಜಿಲ್ಲೆಯವರು.

ಇತಿಹಾಸದ ಹೆಮ್ಮೆಯೂ ಕಡಿಮೆಯಿಲ್ಲ. ನಗರದ ಕೋಟೆಯ ಬೃಹತ್ ಶಿಲಾಶಾಸನ 1294ರದು. ಕಾಕತೀಯರ ಕಾಲದ ಆ ಶಾಸನದ ಕಲ್ಲನ್ನು ಬಂಡಿಯಲ್ಲಿ ಸಾಗಿಸಿದ ದೃಶ್ಯವೂ ಗೋಡೆಯ ಮೇಲೆ ಕೆತ್ತಲ್ಪಟ್ಟಿದೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡನು. ದೇವದುರ್ಗ ತಾಲ್ಲೂಕಿನ ಗಬ್ಬೂರು ಪ್ರಾಚೀನ ದೇವಾಲಯಗಳಿಗೆ ಮತ್ತು ಶಾಸನಗಳಿಗೆ ಹೆಸರಾಗಿದೆ. ಮುಂಬಯಿ ಮತ್ತು ಮದ್ರಾಸಿನ ರೈಲು ಮಾರ್ಗಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಇಂದಿಗೂ ಆ ಮಾರ್ಗ ನಗರದ ದೊಡ್ಡ ಅನುಕೂಲ.

ನೀರಿನ ವೈಪರೀತ್ಯ

ಎರಡು ನದಿಗಳ ನಡುವೆ ಇದ್ದೂ ನೀರಿಗಾಗಿ ಕಾಯಬೇಕಾದ ಸ್ಥಿತಿ ಇಲ್ಲಿನ ಅತಿ ದೊಡ್ಡ ದೂರು. ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿವೆ. ಕಡಿಮೆ ನೀರು ಬೇಡುವ ಬೆಳೆಗಳನ್ನು ಎಣಿಸಿ ರೂಪಿಸಿದ ಯೋಜನೆಯಲ್ಲಿ ಮೇಲ್ಭಾಗದ ರೈತರು ಭತ್ತಕ್ಕೆ ತಿರುಗಿದರು. ಅನಧಿಕೃತ ನೀರಾವರಿಯೂ ಹೆಚ್ಚಿತು. ಆರಂಭದಲ್ಲಿ 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ಪರಿಣಾಮವಾಗಿ ಕೊನೆಯಂಚಿನ ರೈತ ನೀರು ಬರುವುದೋ ಇಲ್ಲವೋ ಎಂದು ತಿಳಿಯದೆಯೇ ಬಿತ್ತನೆ ಮಾಡುತ್ತಾನೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮೊದಲು ಆತಂಕಗೊಂಡವರಲ್ಲಿ ಈ ರೈತರೂ ಇದ್ದರು.

ಮಾನ್ವಿ ಸೀಮೆಯ ರಾಜೋಳಿಬಂಡಾ ಅಣೆಕಟ್ಟೆಯದು ಮತ್ತೊಂದು ಕಥೆ. ಆ ತಿರುವು ಯೋಜನೆಗೆ ಹಂಚಿಕೆಯಾದ 17.1 ಟಿಎಂಸಿ ಅಡಿ ನೀರಿನಲ್ಲಿ 15.9 ಟಿಎಂಸಿ ಅಡಿ ತೆಲಂಗಾಣದ ಪಾಲು. ಕರ್ನಾಟಕಕ್ಕೆ ಉಳಿಯುವುದು 1.2 ಮಾತ್ರ. ಇತ್ತ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಒಣಭೂಮಿಯ ಒಂದು ಭಾಗದ ಸ್ವರೂಪವನ್ನೇ ಬದಲಿಸಿದೆ.

ಕುಡಿಯುವ ನೀರಿನ ಪಾಡು ಇನ್ನೂ ಗಂಭೀರ. ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಹಲವರು ಅಸ್ವಸ್ಥರಾದರು, ಸಾವುಗಳೂ ಸಂಭವಿಸಿದವು.

ಬೆಳಕು ಕೊಟ್ಟವರಿಗೆ ಬೂದಿ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1720 ಮೆಗಾವಾಟ್. ಯರಮರಸ್ ಕೇಂದ್ರದ್ದು 1600 ಮೆಗಾವಾಟ್. ಇವು ಉದ್ಯೋಗ ಕೊಟ್ಟಿವೆ, ರಾಜ್ಯಕ್ಕೆ ಬೆಳಕು ಕೊಟ್ಟಿವೆ. ಸುತ್ತಲಿನ ಊರುಗಳಿಗೆ ಹಾರುಬೂದಿಯೂ ದಕ್ಕಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ವಿದ್ಯುತ್ ಕೈಕೊಟ್ಟರೆ ಸ್ಥಳೀಯರಿಗೆ ಆಗುವ ಸಿಟ್ಟಿಗೆ ಇದೇ ಕಾರಣ.

ಗುಳೆ ಮತ್ತು ಹಿಂದುಳಿದಿರುವಿಕೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗ, ಮಾನ್ವಿ ಎರಡೂ ಇವೆ. ದೇವದುರ್ಗದ್ದು ಪಟ್ಟಿಯ ತಳದ ಸ್ಥಾನ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 60. ರಾಜ್ಯದ್ದು ಶೇ 75. ಸುಗ್ಗಿ ಮುಗಿದೊಡನೆ ದೇವದುರ್ಗದ ಹಳ್ಳಿಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡ ಕಾಮಗಾರಿಗಳತ್ತ ಗುಳೆ ಹೋಗುತ್ತವೆ. ಜತೆಗೆ ಹೋದ ಮಕ್ಕಳ ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲಿ ಉಳಿಯುವವರು ವೃದ್ಧರು.

ಬದಲಾವಣೆಯ ಲಕ್ಷಣಗಳಿವೆ. ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, 2019ರಲ್ಲಿ ಆರಂಭವಾದ ಐಐಐಟಿ ನಗರಕ್ಕೆ ಹೊಸ ಮುಖ ನೀಡಿವೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿಂದ ಅನೇಕ ಮನೆಗಳಿಗೆ ಮೊದಲ ಸರ್ಕಾರಿ ನೌಕರಿ ಬಂದಿದೆ. ಆದರೆ ಐಐಟಿ ಧಾರವಾಡದ ಪಾಲಾದ ನೋವು ಮಾಸಿಲ್ಲ. ಏಮ್ಸ್‌ಗಾಗಿ 2022ರ ಮೇನಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನೂ ದಾಟಿತು. ಗಂಭೀರ ಕಾಯಿಲೆಯಾದರೆ ಇಲ್ಲಿನವರು ಈಗಲೂ ಹೋಗುವುದು ಹೆಚ್ಚಾಗಿ ಹೈದರಾಬಾದಿಗೆ. ಬೆಂಗಳೂರು ಅದಕ್ಕಿಂತ ಎರಡು ಪಟ್ಟು ದೂರ.

ಹೀಗೆ ಇಲ್ಲಿನ ಜನ ದೂರುವುದು ನೆಲವನ್ನಲ್ಲ, ನೆಲಕ್ಕೆ ದಕ್ಕಬೇಕಾದದ್ದು ದಕ್ಕದಿರುವುದನ್ನು. ಯುಗಾದಿಗೆ, ಊರ ಜಾತ್ರೆಗೆ ಗುಳೆ ಹೋದವರು ಮರಳಿ ಬರುತ್ತಾರೆ. ಕಾಲುವೆಯಲ್ಲಿ ಸಕಾಲಕ್ಕೆ ನೀರು, ಊರಿನಲ್ಲೇ ಕೈತುಂಬ ಕೆಲಸ ದೊರೆತರೆ ಅವರಲ್ಲಿ ಎಷ್ಟೋ ಮಂದಿ ಮತ್ತೆ ಬಸ್ ಹತ್ತುವ ಪ್ರಮೇಯ ಬರಲಾರದು.