ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೂ ಧಾರವಾಡದ ಕಿಲ್ಲೆಗೂ ಏನು ಸಂಬಂಧ?

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದರೆ ಜಾರ್ಜ್ ವಾಷಿಂಗ್ಟನ್, ಮೈಸೂರು ಯುದ್ಧ ಅಂದರೆ ಹೈದರ್-ಟಿಪ್ಪು. ಶಾಲೆಯಲ್ಲಿ ಇವೆರಡೂ ಬೇರೆ ಬೇರೆ ಪಾಠ. ಆದರೆ ಕಾಲ ಒಂದೇ, ಶತ್ರುವೂ ಒಬ್ಬನೇ. ಧಾರವಾಡ ಜಿಲ್ಲೆಯ ಕುಬಿಹಾಳದಲ್ಲಿ ಕೂತು ನಾನು ಇದನ್ನು ಬರೆಯೋದಕ್ಕೆ ಕಾರಣವಿದೆ: ಆ ಕಥೆಯ ಒಂದು ಎಳೆ ನಮ್ಮ ಧಾರವಾಡದ ಕಿಲ್ಲೆಗೂ ಬಂದು ಮುಟ್ಟುತ್ತದೆ.

ಹೈದರ್ ಹೆಸರಿನ ಹಡಗು

1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಪರ ನಿಂತಿತು. ಅದರ ಕಿಡಿ ಭಾರತಕ್ಕೂ ಹಾರಿತು. 1779ರಲ್ಲಿ ಬ್ರಿಟಿಷರು ಫ್ರೆಂಚರ ಮಾಹೆ ಬಂದರನ್ನು ಹಿಡಿದರು. ಹೈದರ್ ಅಲಿಗೆ ಯುದ್ಧಸಾಮಗ್ರಿ ಬರುತ್ತಿದ್ದದ್ದು ಅಲ್ಲಿಂದಲೇ. ಆತ 1780ರಲ್ಲಿ ಯುದ್ಧಕ್ಕಿಳಿದ. ಪೊಲ್ಲಿಲೂರಿನಲ್ಲಿ ಕಂಪನಿಯ ಸೈನ್ಯ ನುಚ್ಚುನೂರಾಯಿತು. ಅವನ ಹೆಸರು ಅಮೆರಿಕದಲ್ಲೂ ಮನೆಮಾತಾಯಿತು. 1782ರಲ್ಲಿ ಪೆನ್ಸಿಲ್ವೇನಿಯಾ ತನ್ನ ಡೆಲವೇರ್ ಕೊಲ್ಲಿಯ ಕಾವಲಿಗೆ ಸಜ್ಜು ಮಾಡಿದ ಹಡಗಿನ ಹೆಸರೇ 'ಹೈದರ್ ಅಲಿ'. ಏಪ್ರಿಲ್ 8ರಂದು ಕ್ಯಾಪ್ಟನ್ ಜೋಶುವಾ ಬಾರ್ನಿ ಆ ಹಡಗಿನಿಂದ, ತನಗಿಂತ ಬಲವಾದ ಬ್ರಿಟಿಷ್ ಹಡಗು 'ಜನರಲ್ ಮಂಕ್' ಅನ್ನು ಅರ್ಧ ಗಂಟೆಯೊಳಗೆ ಮಣಿಸಿದ.

ಅಲ್ಲಿ ಸೋತವನು ಇಲ್ಲಿಗೆ ಬಂದ

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದ ಸೈನ್ಯದ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಅದೇ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಟಿಪ್ಪು ವಿರುದ್ಧ ಅವನು ಮರಾಠರು ಮತ್ತು ನಿಜಾಮರ ಜೊತೆ ಸೇರಿ ನಡೆಸಿದ ಯುದ್ಧದ ಒಂದು ಭಾಗವೇ ಧಾರವಾಡದ ಮುತ್ತಿಗೆ. ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು, ಕ್ಯಾಪ್ಟನ್ ಲಿಟ್ಲ್‌ನ ಬ್ರಿಟಿಷ್ ತುಕಡಿ 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್‌ವರೆಗೆ ಕಿಲ್ಲೆಯನ್ನು ಸುತ್ತುವರಿದಿದ್ದವು. ಒಳಗಿದ್ದ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್ ಕೊನೆಗೆ ಕಿಲ್ಲೆ ಒಪ್ಪಿಸಿದ. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕೊಡಬೇಕಾಯಿತು.

ರಾಕೆಟ್ ದಾಟಿದ ಕಡಲು

ಮೈಸೂರಿನ ರಾಕೆಟ್‌ಗೆ ಕಬ್ಬಿಣದ ಕೊಳವೆ ಇತ್ತು. ಹಾಗಾಗಿ ಮದ್ದಿನ ಒತ್ತಡ ತಡೆದು ದೂರ ಹಾರುತ್ತಿತ್ತು. ಅದರ ಪೆಟ್ಟು ತಿಂದಿದ್ದ ಬ್ರಿಟಿಷರು ಮಾದರಿಗಳನ್ನು ಇಂಗ್ಲೆಂಡಿಗೆ ಒಯ್ದರು. ವಿಲಿಯಂ ಕಾಂಗ್ರೀವ್ ಅದನ್ನು ತಿದ್ದಿ ತನ್ನ ಹೆಸರಿನ ರಾಕೆಟ್ ಮಾಡಿದ. 1814ರ ಆಗಸ್ಟ್ 24ರಂದು ಬ್ಲೇಡನ್ಸ್‌ಬರ್ಗ್‌ನಲ್ಲಿ ಅವು ಅಮೆರಿಕನ್ನರ ಮೇಲೇ ಹಾರಿದವು. ಅಲ್ಲಿ ಗಾಯಗೊಂಡು ಸೆರೆಸಿಕ್ಕವನು ಯಾರು? 'ಹೈದರ್ ಅಲಿ' ಹಡಗಿನ ಅದೇ ಬಾರ್ನಿ. ಮರುತಿಂಗಳು ಬಾಲ್ಟಿಮೋರ್‌ನ ಕೋಟೆಯ ಮೇಲೆ ಬಿದ್ದ ರಾಕೆಟ್‌ಗಳ ಕೆಂಪು ಬೆಳಕು ಅಮೆರಿಕದ ರಾಷ್ಟ್ರಗೀತೆಯಲ್ಲಿ ಉಳಿದುಕೊಂಡಿದೆ.

ನಮಗೇಕೆ ಬೇಕು?

ಹೆಮ್ಮೆಪಡಲಿಕ್ಕೆ ಅಷ್ಟೇ ಅಂದರೆ ನಾನು ಒಪ್ಪಲ್ಲ. ನಮ್ಮ ಸೀಮೆಗೆ ಮೈಸೂರಿನ ದಂಡೂ ಹೊರಗಿನದೇ; 1785ರಲ್ಲಿ ನರಗುಂದವನ್ನು ಮುತ್ತಿ ಗೆದ್ದದ್ದು ಟಿಪ್ಪುವಿನ ಸೈನ್ಯ. ಫಿಲಡೆಲ್ಫಿಯಾದಲ್ಲಿ ಹಡಗಿಗೆ ಇಡುವಷ್ಟು ಮೆಚ್ಚಿನ ಹೆಸರು, ನರಗುಂದದಲ್ಲಿ ದಾಳಿಕೋರರ ಹೆಸರು. ಎರಡೂ ನಿಜ. ವರ್ಷಾವರ್ಷ ಟಿಪ್ಪು ಹೆಸರಲ್ಲಿ ಜಗಳಾಡುವ ಎರಡೂ ಕಡೆಯವರು ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ. ಧಾರವಾಡದ ಮೇಷ್ಟ್ರುಗಳು ಮಕ್ಕಳನ್ನು ಕಿಲ್ಲೆಗೆ ಕರೆದೊಯ್ದು ಯಾರ್ಕ್‌ಟೌನನ್ನೂ ನರಗುಂದವನ್ನೂ ಒಟ್ಟಿಗೇ ಹೇಳಲಿ. ಹೇಳಬಾರದ್ದು ಅದರಲ್ಲಿ ಏನೂ ಇಲ್ಲ.